ಹಿನ್ನೀರಿನ ಮಟ್ಟ ಬೇಸಿಗೆಯಲ್ಲೂ ಪತ್ರಿಕೆಯಲ್ಲಿ ಬರಲಿ

ಮಾನ್ಯ ಸಂಪಾದಕರೇ,

ಮಳೆಗಾಲ ಶುರುವಾದೊಡನೆ ಕೊಡಗಿನಲ್ಲಿ ಓದುವ ಪತ್ರಿಕೆಗಳಲ್ಲಿ ಒಂದು ಪುಟ್ಟ ಚೌಕಟ್ಟು ಕಾಣಿಸಿಕೊಳ್ಳುತ್ತದೆ. ಹಾರಂಗಿ ಜಲಾಶಯದ ಗರಿಷ್ಠ ಮಟ್ಟ (ಸಮುದ್ರ ಮಟ್ಟದಿಂದ) 2859 ಅಡಿ, ಇಂದಿನ ಮಟ್ಟ ಇಷ್ಟು, ಕಳೆದ ವರ್ಷ ಇದೇ ದಿನ ಇಷ್ಟಿತ್ತು, ಒಳಹರಿವು ಇಷ್ಟು ಕ್ಯೂಸೆಕ್ (ಸೆಕೆಂಡಿಗೆ ಇಷ್ಟು ಘನ ಅಡಿ), ನದಿಗೆ ಬಿಟ್ಟದ್ದು ಇಷ್ಟು, ನಾಲೆಗೆ ಇಷ್ಟು. ಗದ್ದೆ ಇರುವವರೂ ಹೊಳೆ ದಂಡೆಯಲ್ಲಿ ಮನೆ ಇರುವವರೂ ಬೆಳಗಿನ ಕಾಫಿ ಜೊತೆ ಮೊದಲು ನೋಡುವುದು ಅದನ್ನೇ. ಅಣೆಕಟ್ಟು ತುಂಬಿ, ಬಾಗಿನ ಬಿಟ್ಟು, ಮಳೆ ಹಿಂದಾದ ಮೇಲೆ ಆ ಚೌಕಟ್ಟು ಚಿಕ್ಕದಾಗುತ್ತಾ ಬಂದು ಕೊನೆಗೆ ಕಾಣೆಯಾಗುತ್ತದೆ. ಪ್ರವಾಸಿಗರ ಕಾರುಗಳು ಹಿನ್ನೀರಿನ ಅಂಚಿಗೆ ಇಳಿಯಲು ಶುರುವಾಗುವುದು ಮಾತ್ರ ಆಮೇಲೆಯೇ, ನವೆಂಬರಿನಿಂದ ಮೇ ತಿಂಗಳವರೆಗೆ.

ಆ ಚೌಕಟ್ಟನ್ನು ದಯವಿಟ್ಟು ವರ್ಷಪೂರ್ತಿ ಹಾಕಿ. ರೈತರಿಗೆ ಮಳೆಗಾಲದಲ್ಲಿ ಎಷ್ಟು ಅಗತ್ಯವೋ, ಹಿನ್ನೀರು ನೋಡಲು ಬರುವವರಿಗೆ ಬೇಸಿಗೆಯಲ್ಲಿ ಅಷ್ಟೇ ಅಗತ್ಯ. ಆ ಅಂಕಿ ಓದಲು ಬಂದರೆ, ಇಂದು ಕಾಲ ಕೆಳಗೆ ಎಂಥ ನೆಲ ಇದೆ ಎಂದು ಮನೆಯಲ್ಲಿ ಕುಳಿತೇ ತಿಳಿಯಬಹುದು.

ಬಯಲುಸೀಮೆಯಿಂದ ಬರುವವರಿಗೆ ನೀರು ನಿಂತದ್ದೆಲ್ಲ ಕೆರೆ. ಸೋಮವಾರಪೇಟೆ ಹತ್ತಿರ ದೊಡ್ಡಮಳ್ತೆಯ ಹೊನ್ನಮ್ಮನ ಕೆರೆಯೂ ಒಂದೇ, ಹಾರಂಗಿಯೂ ಒಂದೇ, ಚಿಕ್ಲಿಹೊಳೆಯೂ ಒಂದೇ ಎಂದುಕೊಂಡು ಬರುತ್ತಾರೆ. ಗೌರಿ ಹಬ್ಬದಂದು ಹೊನ್ನಮ್ಮನಿಗೆ ಬಾಗಿನ ಅರ್ಪಿಸುವ ಆ ಕೆರೆಗೆ ನೂರಾರು ವರ್ಷಗಳಿಂದ ಅದರದೇ ಅಂಚಿದೆ; ವರ್ಷವಿಡೀ ನೀರು ಹೆಚ್ಚುಕಡಿಮೆ ಆ ಅಂಚಿನ ಸುತ್ತಲೇ ಇರುತ್ತದೆ. ಜಲಾಶಯದ ಹಿನ್ನೀರು ಹಾಗಲ್ಲ. ಅದು ಮುಳುಗಿದ ಕಣಿವೆ. ನೀರಿನಡಿ ಹಿಂದಿನ ಹೊಳೆಯ ಪಾತ್ರ ಇದೆ, ಹೊಳೆಯ ಎರಡೂ ಬದಿ ಮೆಟ್ಟಿಲು ಮೆಟ್ಟಿಲಾಗಿ ಇಳಿದ ಗದ್ದೆಗಳಿವೆ, ಗದ್ದೆಗಳ ಬದುಗಳಿವೆ, ಕಡಿದ ಮರಗಳ ಬೊಡ್ಡೆಗಳಿವೆ. ಅಂಚು ಎಲ್ಲಿದೆ ಎಂಬುದು ಪ್ರತಿ ವಾರ ಬದಲಾಗುತ್ತದೆ.

ಎಷ್ಟು ಬದಲಾಗುತ್ತದೆ ಎಂಬುದಕ್ಕೆ ಒಂದು ಸುಲಭ ಲೆಕ್ಕ. ದಡ ಪ್ರತಿ 20 ಅಡಿಗೆ ಒಂದು ಅಡಿ ಇಳಿಯುವಷ್ಟು ಸಮತಟ್ಟಾಗಿದೆ ಎಂದುಕೊಳ್ಳಿ. ಮಟ್ಟ 10 ಅಡಿ ಇಳಿದರೆ 200 ಅಡಿ ನೆಲ ಬಯಲಾಗುತ್ತದೆ. 30 ಅಡಿ ಇಳಿದರೆ 600 ಅಡಿ. ಆಗಸ್ಟ್‌ನಲ್ಲಿ ಹುಲ್ಲಿನ ಅಂಚಿಗೆ ತಾಗಿದ್ದ ನೀರನ್ನು ಮುಟ್ಟಲು ಏಪ್ರಿಲ್‌ನಲ್ಲಿ ಅಷ್ಟು ದೂರ ನಡೆಯಬೇಕು, ಅದೂ ತಿಂಗಳುಗಟ್ಟಲೆ ನೀರಿನಡಿ ನೆನೆದ ನೆಲದ ಮೇಲೆ. ಅನಾಹುತಗಳು ಆಗುವುದು ಈ ಪಟ್ಟಿಯಲ್ಲೇ. ಈಜು ಬರುವುದೇ ಇಲ್ಲವೇ ಎಂಬುದು ಆಮೇಲಿನ ಮಾತು. ಈಜುವ ಉದ್ದೇಶವೇ ಇಲ್ಲದೆ ಕಾಲು ತೊಳೆಯಲು, ಫೋಟೊ ತೆಗೆಸಿಕೊಳ್ಳಲು ಇಳಿದವರು ಸಿಕ್ಕಿಹಾಕಿಕೊಳ್ಳುತ್ತಾರೆ.

ಬಯಲಾದ ನೆಲವನ್ನು ಹತ್ತಿರದಿಂದ ನೋಡಿದರೆ ಮೂರು ಬಗೆ ಕಾಣುತ್ತದೆ. ಮೇಲಿನ ಅಂಚಿನಲ್ಲಿ ಗರಿಕೆ ಚಿಗುರಿರುತ್ತದೆ, ದನ ಮೇಯುತ್ತಿರುತ್ತವೆ; ಅಲ್ಲಿ ನಡೆಯಲು ಭಯವಿಲ್ಲ. ಅದರ ಕೆಳಗೆ ಹಪ್ಪಳದಂತೆ ಬಿರಿದ ಮಣ್ಣು. ಹೆಂಟೆಗಳ ಅಂಚು ಮೇಲಕ್ಕೆ ಮಡಚಿಕೊಂಡು, ಬಣ್ಣ ಬೂದಿಯಂತಾಗಿದ್ದರೆ ಒಣಗಿ ದಿನವಾಗಿದೆ ಎಂದರ್ಥ. ಬಿರುಕಿನೊಳಗೆ ಕಡ್ಡಿ ತೂರಿಸಿ ನೋಡಿ: ಒಂದು ಗೇಣು ಇಳಿದರೂ ಕಡ್ಡಿ ಒಣಗಿಯೇ ಬಂದರೆ ಗಟ್ಟಿ ಇದೆ, ತುದಿಗೆ ಕೆಸರು ಮೆತ್ತಿಕೊಂಡು ಬಂದರೆ ಹೊರಪದರ ಮಾತ್ರ ಒಣಗಿದೆ. ಮೂರನೆಯದು ನೀರಿಗೆ ತಾಗಿದ ಮಿರಮಿರ ಮಿಂಚುವ ನಯವಾದ ಪಟ್ಟಿ. ನೋಡಲು ಸಮುದ್ರ ತೀರದ ಮರಳಿನಂತೆ ಚೆನ್ನಾಗಿರುತ್ತದೆ. ಅದರ ಮೇಲೆ ಹಕ್ಕಿಯ ಕಾಲಗುರುತಿದೆ, ದನದ ಗೊರಸಿನ ಗುರುತಿಲ್ಲ ಎಂದಾದರೆ ದನಕ್ಕೆ ತಿಳಿದದ್ದನ್ನು ನಾವೂ ತಿಳಿಯಬೇಕು. ಅಲ್ಲಿ ಇರುವುದು ಹೂಳು.

ಹಾರಂಗಿಯ ಹೂಳಿನ ಬಗ್ಗೆ ಒಂದು ಮಾತು. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಹಟ್ಟಿಹೊಳೆ, ಮಾದಾಪುರ ಕಡೆ ಗುಡ್ಡಗಳು ಜಾರಿದಾಗ ಆ ಕೆಮ್ಮಣ್ಣು ಹೊಳೆಗಳ ಮೂಲಕ ಈ ಜಲಾಶಯಕ್ಕೇ ಬಂದಿಳಿಯಿತು. ಹೊಳೆ ನೀರು ನಿಂತ ನೀರನ್ನು ಸೇರುವ ಜಾಗದಲ್ಲಿ ಓಟ ಕಡಿಮೆಯಾಗುತ್ತದೆ. ದಪ್ಪ ಮರಳು ಮೊದಲೇ ಕೂರುತ್ತದೆ, ನುಣ್ಣನೆಯ ಮಣ್ಣು ಮುಂದೆ ಸಾಗಿ ಗದ್ದೆಯ ತಗ್ಗುಗಳಲ್ಲಿ ಪಾಯಸದಂತೆ ನಿಲ್ಲುತ್ತದೆ. ಹಾಗಾಗಿ ಹಿನ್ನೀರಿನ ಮೇಲ್ತುದಿಯ ಕೊಲ್ಲಿಗಳಲ್ಲಿ ಹಳೆಯ ಅನುಭವ ನಂಬಿ ಇಳಿಯಬಾರದು. ಹತ್ತು ವರ್ಷದ ಹಿಂದೆ ಅಲ್ಲಿ ಕಲ್ಲಿತ್ತು ಎಂದು ಸ್ಥಳೀಯರೇ ಹೇಳಿದರೂ ಈಗ ಆ ಕಲ್ಲಿನ ಮೇಲೆ ಎಷ್ಟು ಹೂಳಿದೆ ಎಂದು ಕೋಲು ಇಳಿಸಿಯೇ ನೋಡಬೇಕು.

ಹೂಳಿನಲ್ಲಿ ಕಾಲು ಹೂತಾಗ ಎಲ್ಲರೂ ಮಾಡುವ ತಪ್ಪು ಒಂದೇ. ಒಂದು ಕಾಲನ್ನು ಎಳೆಯಲು ಇನ್ನೊಂದರ ಮೇಲೆ ಭಾರ ಹಾಕುತ್ತಾರೆ, ಅದು ಇನ್ನಷ್ಟು ಇಳಿಯುತ್ತದೆ. ಜೋರಾಗಿ ಎಳೆದರೆ ಪಾದದಡಿ ಗಾಳಿ ನುಗ್ಗಲು ಜಾಗವಿಲ್ಲದೆ ಕೆಸರು ಹೀರಿ ಹಿಡಿಯುತ್ತದೆ. ಮಾಡಬೇಕಾದ್ದು ಇಷ್ಟು: ನಿಲ್ಲುವ ಪ್ರಯತ್ನ ಬಿಟ್ಟು ಹಿಂದಕ್ಕೆ ಕೂತು, ಬೆನ್ನ ಮೇಲೆ ಮಲಗಿ, ಕೈ ಚಾಚಿ ಭಾರ ಹರಡಬೇಕು. ಚಪ್ಪಲಿ, ಶೂ ಹೋದರೆ ಹೋಗಲಿ. ಪಾದವನ್ನು ಸಣ್ಣಗೆ ಹಿಂದೆ ಮುಂದೆ ಅಲುಗಿಸುತ್ತಾ ಸುತ್ತ ನೀರು ಇಳಿಯಲು ಬಿಟ್ಟರೆ ಹಿಡಿತ ಸಡಿಲಾಗುತ್ತದೆ. ಕಾಲು ಬಿಟ್ಟ ಮೇಲೂ ಎದ್ದು ನಿಲ್ಲದೆ, ಬಂದ ದಾರಿಯಲ್ಲೇ ತೆವಳಿ ಗರಿಕೆಯ ಅಂಚು ಸೇರಬೇಕು. ಸಹಾಯಕ್ಕೆ ಓಡಿ ಹೋದವನೂ ಹೂತುಕೊಳ್ಳುವುದು ಸಾಮಾನ್ಯ. ಹಲಗೆ, ಬಿದಿರು, ಕಾರಿನ ರಬ್ಬರ್ ಮ್ಯಾಟ್, ಏನು ಸಿಗುತ್ತದೋ ಅದನ್ನು ಹಾಸಿಕೊಂಡು ಹೋಗಲಿ.

ನೀರೊಳಗಿನ ಅಪಾಯ ಗದ್ದೆ ಬದುವಿನದು. ಮೊಣಕಾಲು ನೀರಿನಲ್ಲಿ ಹತ್ತು ಹೆಜ್ಜೆ ಸಮವಾಗಿ ನಡೆದವನಿಗೆ ಹನ್ನೊಂದನೆಯ ಹೆಜ್ಜೆಯೂ ಮೊಣಕಾಲೇ ಎನಿಸುತ್ತದೆ. ಬದು ಮುಗಿದಲ್ಲಿ ಕೆಳಗಿನ ಗದ್ದೆ ಎದೆಯುದ್ದ ಇರುತ್ತದೆ, ಅದರಾಚೆ ಹಳೆಯ ಹೊಳೆಯ ಪಾತ್ರಕ್ಕೆ ನೆಲವೇ ಸಿಗುವುದಿಲ್ಲ. ಕೈ ಕೈ ಹಿಡಿದು ಸಾಲಾಗಿ ಇಳಿದ ಗೆಳೆಯರು ಒಬ್ಬರ ಹಿಂದೆ ಒಬ್ಬರು ಎಳೆದುಕೊಂಡು ಹೋಗುವುದು ಹೀಗೆಯೇ. ಇದರ ಜೊತೆ ಮೀನಿಗೆ ಕಟ್ಟಿದ ನೈಲಾನ್ ಬಲೆಗಳಿರುತ್ತವೆ. ಅವುಗಳ ನೂಲು ನೀರಿನಲ್ಲಿ ಕಾಣುವುದೇ ಇಲ್ಲ. ಮೇಲೆ ತೇಲುವ ಪ್ಲಾಸ್ಟಿಕ್ ಬಾಟಲಿ ಅಥವಾ ಥರ್ಮೊಕೋಲ್ ತುಂಡುಗಳ ಸಾಲೇ ಗುರುತು. ಆ ಸಾಲು ಕಂಡ ಕಡೆ ಕಾಲಿಡಬೇಡಿ. ಬಲೆಯನ್ನು ಎತ್ತಿ ನೋಡುವ ಹುಡುಗಾಟವೂ ಬೇಡ, ಅದು ಒಂದು ಮನೆಯ ದಿನದ ದುಡಿಮೆ.

ಚಿಕ್ಲಿಹೊಳೆಯದು ಬೇರೆ ಕಥೆ. ಮಡಿಕೇರಿ ರಸ್ತೆಯ ಗುಡ್ಡೆಹೊಸೂರಿನಲ್ಲಿ ತಿರುಗಿ ರಂಗಸಮುದ್ರದ ಕಡೆಯಿಂದ ಹೋಗುವ ಈ ಪುಟ್ಟ ಜಲಾಶಯದ ಸಂಜೆಯನ್ನು ಕೊಡಗಿನಲ್ಲಿ ಮೀರಿಸುವ ಜಾಗ ಕಡಿಮೆ ಎಂದು ಧೈರ್ಯವಾಗಿ ಹೇಳಬಹುದು. ಎದುರು ಕಾಡು, ನಡುವೆ ಅಲುಗದ ನೀರು, ಬೆಳ್ಳಕ್ಕಿಗಳು ಸಾಲುಗಟ್ಟಿ ಗೂಡಿಗೆ ಹೋಗುವ ಹೊತ್ತು. ತುಂಬಿದಾಗ ಅರ್ಧಚಂದ್ರದಂತೆ ಬಾಗಿದ ಕಟ್ಟೆಯ ಮೇಲಿಂದ ನೀರು ತಾನಾಗಿಯೇ ಉಕ್ಕಿ ಇಳಿಯುವುದನ್ನು ನೋಡಲು ಜನ ಬರುತ್ತಾರೆ, ಬರಬೇಕಾದ ನೋಟವೇ ಅದು. ಆದರೆ ಆ ಕಟ್ಟೆಯ ಅಂಚಿನ ಮೇಲೆ ನಡೆಯುವ ಹುಚ್ಚು ಬೇಡ. ಸಿಮೆಂಟಿನ ಮೇಲೆ ಹಸಿರು ಪಾಚಿ ಕಟ್ಟಿರುತ್ತದೆ. ಒಣಗಿದಾಗ ಕಪ್ಪು ಕಲೆಯಂತೆ ಕಾಣುವ ಅದು ನಾಲ್ಕು ಹನಿ ಬಿದ್ದರೆ ಸೋಪಿನಂತಾಗುತ್ತದೆ. ಹಿಡಿದುಕೊಳ್ಳಲು ಏನೂ ಇರುವುದಿಲ್ಲ, ಬಿದ್ದವನು ನೀರಿನ ಜೊತೆಗೇ ಕೆಳಗೆ ಹೋಗುತ್ತಾನೆ. ಓಡುವ ನೀರು ಮೊಣಕಾಲಷ್ಟಿದ್ದರೂ ನಿಂತವನನ್ನು ಕೆಡವಲು ಸಾಕು.

ಚಿಕ್ಲಿಹೊಳೆಯ ಸುತ್ತ ಮೀನುಕೊಲ್ಲಿ ಅರಣ್ಯ ಇದೆ. ಬೇಸಿಗೆಯಲ್ಲಿ ಕಾಡಿನೊಳಗಿನ ಹಳ್ಳ ಬತ್ತಿದಾಗ ಆನೆಗಳು ಕುಡಿಯಲು, ಮೈ ತೊಳೆಯಲು ಇಲ್ಲಿಗೇ ಇಳಿಯುತ್ತವೆ. ಅಂಚಿನಲ್ಲಿ ಸುತ್ತುವವರು ಹೆಜ್ಜೆ ಗುರುತನ್ನು ಓದಲು ಕಲಿಯಬೇಕು. ಗುರುತಿನ ಅಂಚು ಉದುರಿ ಒಣಗಿದ್ದರೆ ಹಳೆಯದು. ಅಂಚು ಚೂಪಾಗಿದ್ದು, ಗುಳಿಯೊಳಗೆ ಜಿನುಗಿದ ನೀರು ಇನ್ನೂ ಕದಡಿಕೊಂಡೇ ಇದ್ದರೆ ಆನೆ ಹೋಗಿ ಹೆಚ್ಚು ಹೊತ್ತಾಗಿಲ್ಲ, ಬಂದ ದಾರಿಯಲ್ಲೇ ವಾಪಸ್ ಹೋಗಬೇಕು. ಲದ್ದಿ ಹಬೆಯಾಡುತ್ತಿದ್ದರೆ ಹೇಳುವುದೇ ಬೇಡ. ಎದುರು ದಡದಲ್ಲಿ ಆನೆ ಕಂಡಾಗ ಕೂಗುವುದು, ಹಾರ್ನ್ ಹೊಡೆಯುವುದು, ಡ್ರೋನ್ ಹಾರಿಸುವುದು ಮಾಡಿದರೆ ಗಾಬರಿಬಿದ್ದ ಹಿಂಡು ಪಕ್ಕದ ತೋಟದ ಕಾರ್ಮಿಕರ ಲೈನ್ ಮನೆಗಳ ಕಡೆ ತಿರುಗಬಹುದು. ನೋಡಿದವರು ಕಾರು ಹತ್ತಿ ಹೋಗುತ್ತಾರೆ, ಮರುದಿನ ಬೆಳಿಗ್ಗೆ ಕೆಲಸಕ್ಕೆ ನಡೆದು ಹೋಗುವವರು ಅದೇ ಆನೆಯನ್ನು ಎದುರಿಸಬೇಕು. ಸೂರ್ಯಾಸ್ತ ನೋಡಿ ಬಣ್ಣ ಆರುವ ಮೊದಲೇ ಗಾಡಿ ತಿರುಗಿಸಿ. ಮಡಿಕೇರಿ ರಸ್ತೆಯ ಆನೆಕಾಡು ಅರಣ್ಯ ದಾಟುವಾಗಲೂ ಬೆಳಕಿರಲಿ.

ಬಯಲಾದ ದಡಕ್ಕೆ ಜೀಪು, ಬೈಕು ಇಳಿಸುವವರಿಗೆ ಇನ್ನೊಂದು ಮಾತು. ಬೇಸಿಗೆಯಲ್ಲಿ ಟಿಟ್ಟಿಭ ಹಕ್ಕಿ ಮೊಟ್ಟೆ ಇಡುವುದು ಇದೇ ನೆಲದ ಮೇಲೆ. ಗೂಡು ಎಂದರೆ ನಾಲ್ಕು ಬೆಣಚುಕಲ್ಲು ಸರಿಸಿದ ಸಣ್ಣ ಗುಳಿ, ಒಳಗೆ ಮಣ್ಣಿನ ಬಣ್ಣದ ಮೇಲೆ ಕಪ್ಪು ಚುಕ್ಕೆಯ ನಾಲ್ಕು ಮೊಟ್ಟೆ, ಚೂಪು ತುದಿ ಒಳಮುಖ. ಎರಡು ಮಾರು ದೂರದಿಂದ ನೋಡಿದರೂ ಕಾಣುವುದಿಲ್ಲ. ಹಕ್ಕಿ ತಲೆಯ ಮೇಲೆ ಸುತ್ತುತ್ತಾ ಕಿರುಚುತ್ತಿದ್ದರೆ ಗೂಡು ಹತ್ತಿರದಲ್ಲೇ ಇದೆ, ಹೆಜ್ಜೆ ನೋಡಿ ಹಿಂದೆ ಸರಿಯಬೇಕು. ಟಯರಿಗೆ ಅದು ಕೇಳಿಸುವುದಿಲ್ಲ. ಒಡೆದ ಬಿಯರ್ ಬಾಟಲಿಯದೂ ಅಷ್ಟೇ: ಏಪ್ರಿಲ್‌ನಲ್ಲಿ ದಡದಲ್ಲಿ ಬಿದ್ದ ಗಾಜು ಜುಲೈನಲ್ಲಿ ನೀರಿನಡಿ ಇರುತ್ತದೆ, ಬಲೆ ಎಳೆಯುವವನ ಪಾದಕ್ಕೆ ಸಿಗುತ್ತದೆ.

ಇನ್ನು ದೋಣಿ, ಹರಿಗೋಲು. ಹತ್ತುವ ಮೊದಲು ಕೊಡುವ ಲೈಫ್ ಜಾಕೆಟನ್ನು ನಿಮಿಷ ಕೊಟ್ಟು ನೋಡಿ. ಒಳಗಿನ ಚೀಟಿಯಲ್ಲಿ 50 ಅಥವಾ 100 ನ್ಯೂಟನ್ ಎಂದು ಬರೆದಿರುತ್ತದೆ. 100 ನ್ಯೂಟನ್ ಎಂದರೆ ಸುಮಾರು 10 ಕಿಲೋ ಎತ್ತುವ ಬಲ. 50ರದು ಈಜು ಬಲ್ಲವರಿಗೆ ಆಸರೆಯಾಗಲು ಮಾಡಿದ್ದು, ಈಜು ಬಾರದವರು 100ರದನ್ನೇ ಕೇಳಿ ಪಡೆಯಬೇಕು. ಫೋಮನ್ನು ಅಮುಕಿ ಬಿಟ್ಟರೆ ಮತ್ತೆ ಉಬ್ಬಬೇಕು. ವರ್ಷಗಟ್ಟಲೆ ಬಿಸಿಲಲ್ಲಿ ರಾಶಿ ಹಾಕಿದ, ಮೇಲೆ ಜನ ಕೂತು ಚಪ್ಪಟೆಯಾದ ಜಾಕೆಟ್ಟಿಗೆ ಬಣ್ಣ ಮಾತ್ರ ಉಳಿದಿರುತ್ತದೆ. ಹಾಕಿ ಬಕಲ್ ಬಿಗಿದ ಮೇಲೆ ಜೊತೆಯವರು ಹೆಗಲ ಪಟ್ಟಿ ಹಿಡಿದು ಮೇಲಕ್ಕೆತ್ತಲಿ: ಕಿವಿಯವರೆಗೆ ಬಂದರೆ ಸಡಿಲ, ನೀರಿಗೆ ಬಿದ್ದಾಗ ಜಾಕೆಟ್ ಮೇಲೆ ತೇಲಿ ಮನುಷ್ಯ ಕೆಳಗೆ ಜಾರುತ್ತಾನೆ. ಮಕ್ಕಳಿಗೆ ತೊಡೆಯ ನಡುವಿನಿಂದ ಬರುವ ಪಟ್ಟಿ ಇರಲೇಬೇಕು. ದೊಡ್ಡವರ ಜಾಕೆಟನ್ನು ಮಗುವಿಗೆ ಎರಡು ಸುತ್ತು ಬಿಗಿದು ಕಟ್ಟುವುದು ಖಂಡಿತ ಬೇಡ. ಹರಿಗೋಲಿನಲ್ಲಿ ಅಂಚಿನ ಮೇಲೆ ಕೂರದೆ ತಳದಲ್ಲಿ ಕೂತು, ಭಾರ ಸುತ್ತಲೂ ಸಮವಾಗಿ ಹಂಚಿಕೊಳ್ಳಿ. ಎಲ್ಲರೂ ಒಂದೇ ಬದಿಗೆ ವಾಲಿ ಸೆಲ್ಫಿ ತೆಗೆದರೆ ದುಂಡನೆಯ ತಳ ಆ ಕಡೆಗೇ ಮುಳುಗುತ್ತದೆ.

ಮಾರ್ಚ್, ಏಪ್ರಿಲ್‌ನಲ್ಲಿ ಕಾಫಿ ಹೂ ಅರಳಿಸುವ ಹೂಮಳೆ ಗಿಡಕ್ಕೆ ಅಮೃತ, ತೆರೆದ ದಡದಲ್ಲಿ ನಿಂತವರಿಗೆ ಕಂಟಕ. ಮಧ್ಯಾಹ್ನ ಎರಡರ ನಂತರ ಮೋಡ ಕಟ್ಟಿ, ಮಳೆಗೆ ಮೊದಲು ಗಾಳಿ ನುಗ್ಗಿ, ಕನ್ನಡಿಯಂತಿದ್ದ ನೀರಿನಲ್ಲಿ ಹತ್ತು ನಿಮಿಷಕ್ಕೆ ಅಲೆ ಏಳುತ್ತದೆ. ಮಿಂಚು ಕಂಡು ಗುಡುಗು ಕೇಳುವವರೆಗಿನ ಸೆಕೆಂಡುಗಳನ್ನು ಮೂರರಿಂದ ಭಾಗಿಸಿದರೆ ಸಿಡಿಲು ಎಷ್ಟು ಕಿಲೋಮೀಟರ್ ದೂರದಲ್ಲಿದೆ ಎಂದು ಸಿಗುತ್ತದೆ. ಗುಡುಗು ಕೇಳಿತೆಂದರೆ ಲೆಕ್ಕ ಮುಂದುವರಿಸದೆ ಕಾರಿನೊಳಗೆ ಕೂರುವುದು, ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಕಳೆಯುವವರೆಗೆ ಇಳಿಯದಿರುವುದು ಲೇಸು. ಒಂಟಿ ಮರದಡಿ ನಿಲ್ಲಬಾರದು.

ಯಾರಾದರೂ ಮುಳುಗುತ್ತಿದ್ದರೆ ಕೂಗುತ್ತಾರೆ ಎಂದು ಕಾಯಬೇಡಿ. ತಲೆ ಹಿಂದಕ್ಕೆ ವಾಲಿ, ಬಾಯಿ ನೀರಿನ ಮಟ್ಟದಲ್ಲಿ ಮುಳುಗೇಳುತ್ತಾ, ಕೈಗಳು ಎರಡೂ ಬದಿ ನೀರನ್ನು ಒತ್ತುತ್ತಾ ಇರುತ್ತವೆ; ಕೂಗಲು ಉಸಿರೇ ಇರುವುದಿಲ್ಲ. ಎಲ್ಲ ಮುಗಿಯಲು ಒಂದು ನಿಮಿಷ ಸಾಕು. ಆಗ ಅವರ ಹಿಂದೆ ನೀರಿಗೆ ಹಾರುವುದಕ್ಕಿಂತ ಎಸೆಯಲು ಏನಾದರೂ ಇರಬೇಕು. ಪ್ರತಿ ಕಾರಿನಲ್ಲೂ ಇಡಬಹುದಾದ ಸಾಧನ ಇದು: 5 ಲೀಟರಿನ ಖಾಲಿ ಎಣ್ಣೆ ಕ್ಯಾನ್, ಒಳಗೆ ಎರಡು ಲೋಟ ನೀರು, ಬಿಗಿದ ಮುಚ್ಚಳ, ಹಿಡಿಗೆ ಕಟ್ಟಿದ 20 ಮೀಟರ್ ನೈಲಾನ್ ಹಗ್ಗ. ನೀರು ಇಲ್ಲದಿದ್ದರೆ ಕ್ಯಾನ್ ಗಾಳಿಗೆ ತಿರುಗಿ ಪಕ್ಕಕ್ಕೆ ಬೀಳುತ್ತದೆ, ಹೆಚ್ಚು ತುಂಬಿದರೆ ತೇಲುವ ಬಲ ಹೋಗುತ್ತದೆ. ಹಗ್ಗದ ಇನ್ನೊಂದು ತುದಿಯನ್ನು ಕಾಲಡಿ ತುಳಿದು ಹಿಡಿದು, ಮುಳುಗುವವನ ತಲೆಯಾಚೆ ಎಸೆದು ಎಳೆದುಕೊಳ್ಳಬೇಕು. ಅವನಿಗಿಂತ ಈಚೆ ಬಿದ್ದರೆ ಕೈಗೆ ಎಟಕುವುದಿಲ್ಲ. ಏನೂ ಇಲ್ಲದಿದ್ದರೆ ಸೀರೆ ಇದೆ: ಒಂದು ಸೀರೆ ಐದೂವರೆ ಮೀಟರ್, ಎರಡನ್ನು ಸೇರಿಸಿ ಗಂಟು ಹಾಕಿದರೆ ಹತ್ತು ಮೀಟರ್. ಎಸೆಯುವವರು ದಡದಲ್ಲಿ ಮಲಗಿ ಹಿಡಿಯಲಿ, ನಿಂತರೆ ಎಳೆತಕ್ಕೆ ಒಳಗೆ ಹೋಗುತ್ತಾರೆ.

ಮೇಲೆತ್ತಿದ ಮೇಲೆ ತಲೆಕೆಳಗೆ ಮಾಡಿ ಸುತ್ತಿಸುವುದು, ಹೊಟ್ಟೆ ಅಮುಕಿ ನೀರು ತೆಗೆಯುವುದು ಈಗಲೂ ನಡೆಯುತ್ತದೆ. ಅದರಿಂದ ಹೊಟ್ಟೆಯದ್ದು ಶ್ವಾಸಕೋಶಕ್ಕೆ ನುಗ್ಗುತ್ತದೆ, ಅಮೂಲ್ಯ ಸಮಯವೂ ಹೋಗುತ್ತದೆ. ಉಸಿರಿಲ್ಲದಿದ್ದರೆ ಬೆನ್ನ ಮೇಲೆ ಮಲಗಿಸಿ, ಮೂಗು ಹಿಡಿದು ಬಾಯಿಂದ ಬಾಯಿಗೆ ಮೊದಲು 5 ಉಸಿರು, ನಂತರ ಎದೆಯ ನಡುವೆ 30 ಒತ್ತು, 2 ಉಸಿರು, ಮತ್ತೆ 30. ಜೊತೆಯವರು 108ಕ್ಕೆ ಕರೆ ಮಾಡಲಿ. ದಡದ ತಗ್ಗಿನಲ್ಲಿ ನೆಟ್‌ವರ್ಕ್ ಇರುವುದಿಲ್ಲ, ರಸ್ತೆಗೆ ಏರಿ ಮಾಡಬೇಕಾದೀತು. ಹತ್ತಿರದ ಊರಿನ ಹೆಸರು, ಹೊಕ್ಕ ದಾರಿ ಹೇಳಲು ಬರಬೇಕು, "ಲೇಕ್ ಹತ್ತಿರ" ಎಂದರೆ ಯಾರಿಗೂ ತಿಳಿಯುವುದಿಲ್ಲ. ಎದ್ದು ಕೂತು ಮಾತಾಡಿದರೂ ಆಸ್ಪತ್ರೆಗೆ ಒಯ್ಯಲೇಬೇಕು, ಶ್ವಾಸಕೋಶದ ತೊಂದರೆ ಕೆಲವು ಗಂಟೆ ಬಿಟ್ಟು ಕಾಣಿಸಿಕೊಳ್ಳಬಹುದು.

ಅಣೆಕಟ್ಟಿನ ಕೆಳಗೆ ಹೊಳೆಗೆ ಇಳಿಯುವವರಿಗೂ ನಿಮ್ಮ ಚೌಕಟ್ಟೇ ದಾರಿದೀಪ. 11,574 ಕ್ಯೂಸೆಕ್ ಒಂದು ದಿನ ಪೂರ್ತಿ ಹರಿದರೆ ಒಂದು ಟಿಎಂಸಿ, ಅಂದರೆ ನೂರು ಕೋಟಿ ಘನ ಅಡಿ. ಹಾರಂಗಿ ಹಿಡಿಯುವುದು ಒಟ್ಟು 8.5 ಟಿಎಂಸಿ. ಮಟ್ಟ 2859ರ ಸಮೀಪ ಇದ್ದು ಒಳಹರಿವು ಸಾವಿರಗಳಲ್ಲಿ ಏರುತ್ತಿದ್ದರೆ ಬಂದ ನೀರನ್ನು ಬಿಡದೆ ವಿಧಿಯಿಲ್ಲ. ಅಂದು ಅಣೆಕಟ್ಟಿನಿಂದ ಕೂಡಿಗೆಯವರೆಗೆ ಹಾರಂಗಿ ಹೊಳೆಯ ಬಂಡೆಗಳ ಮೇಲೆ ಕೂರಬಾರದು. ಕಾವೇರಿ ದಡದ ಆನೆ ಶಿಬಿರ ದುಬಾರೆಯ ಲೆಕ್ಕ ಬೇರೆ. ಅದು ಹಾರಂಗಿ ಕಾವೇರಿಯನ್ನು ಸೇರುವ ಸಂಗಮಕ್ಕಿಂತ ಮೇಲಿದೆ, ಹಾರಂಗಿಯ ಅಂಕಿ ಅಲ್ಲಿಗೆ ಅನ್ವಯಿಸುವುದಿಲ್ಲ. ಕಾವೇರಿಯ ಮೇಲ್ಭಾಗದಲ್ಲಿರುವ ಭಾಗಮಂಡಲದ ಮಳೆ ನೋಡಬೇಕು. ದುಬಾರೆಯಲ್ಲಿ ಬಿಸಿಲಿದ್ದರೂ ತಿಳಿನೀರು ಚಹಾ ಬಣ್ಣಕ್ಕೆ ತಿರುಗಿ ತರಗೆಲೆ, ಕಡ್ಡಿ ತೇಲಿ ಬರಲು ಶುರುವಾದರೆ ಮೇಲೆ ಮಳೆಯಾಗಿದೆ, ಆಚೆ ದಡದಲ್ಲಿದ್ದವರು ಕೂಡಲೇ ಮರಳಬೇಕು.

ನಾವು ಕೇಳುವ ಚೌಕಟ್ಟಿಗೆ ಹೆಚ್ಚು ಜಾಗ ಬೇಡ. ಹಾರಂಗಿಯ ಇಂದಿನ ಮಟ್ಟ, 2859ಕ್ಕಿಂತ ಎಷ್ಟು ಅಡಿ ಕೆಳಗೆ, ಕಳೆದ ವಾರಕ್ಕಿಂತ ಎಷ್ಟು ಇಳಿದಿದೆ, ಭಾಗಮಂಡಲದಲ್ಲಿ ಹಿಂದಿನ ದಿನ ಬಿದ್ದ ಮಳೆ, ಇಷ್ಟು ನಾಲ್ಕು ಸಾಲು. ಒಂದು ವಾರದಲ್ಲಿ ಎರಡು ಅಡಿಗಿಂತ ಹೆಚ್ಚು ಇಳಿದಿದ್ದರೆ "ದಡದ ನೆಲ ಹಸಿ" ಎಂಬ ಮೂರು ಪದ ಅದರ ಕೆಳಗೆ ಸೇರಿಸಿದರೆ ಅಂಕಿ ಓದಲು ಬಾರದವರಿಗೂ ಅರ್ಥವಾಗುತ್ತದೆ. ಕ್ರಿಸ್‌ಮಸ್ ರಜೆಗೆ ಮೊದಲು ಶುರುವಾದರೆ ಬಹಳ ಉಪಕಾರ. ಹೋಂಸ್ಟೇ ನಡೆಸುವವರು ಅದನ್ನು ಕತ್ತರಿಸಿ ಊಟದ ಮೇಜಿನ ಹತ್ತಿರ ಅಂಟಿಸಬಹುದು, ಬೆಳಗಿನ ಕಡುಬು ಪುಟ್ಟು ತಿನ್ನುತ್ತಾ ಅತಿಥಿಗಳು ಓದಿಕೊಳ್ಳುತ್ತಾರೆ.

ಇಂತಿ,
ಓದುಗರು, ಕುಶಾಲನಗರ